ನಕ್ಷೆಯ ಮೇಲಿನ ಅಂಕೆ

ಮನೆಗೆ ಒಂದು ಕಿಟಕಿಯನ್ನು ಮಾಡಿಸಬೇಕಾಗಿದೆ ಎಂದಿಟ್ಟುಕೊಳ್ಳೋಣ. ಊರಿನ ಬಡಗಿಯು ಬಂದು, ಗೋಡೆಯ ತೆರಪಿಗೆ ಅಡ್ಡಲಾಗಿ ಒಂದು ಬಿದಿರುಕಡ್ಡಿಯನ್ನು ಹಿಡಿದು, ಅದರ ಮೇಲೆ ಗುರುತು ಹಾಕಿಕೊಂಡು ಹೋಗುತ್ತಾನೆ. ಎಷ್ಟು ಅಡಿ, ಎಷ್ಟು ಅಂಗುಲ ಎಂಬ ಲೆಕ್ಕವೇ ಅವನಿಗೆ ಬೇಕಿಲ್ಲ. ಕಡ್ಡಿಯ ಗುರುತಿಗೆ ಸರಿಯಾಗಿ ಮರವನ್ನು ಕೊಯ್ದರೆ ಕಿಟಕಿಯು ತೆರಪಿನಲ್ಲಿ ಸರಿಯಾಗಿ ಕೂಡುತ್ತದೆ. ಅಳೆದವನೂ ಅವನೇ, ಕೊಯ್ದವನೂ ಅವನೇ. ಆದುದರಿಂದ ಅಂಕೆಯ ಅವಶ್ಯಕತೆಯು ಹುಟ್ಟುವುದಿಲ್ಲ.

ಆದರೆ ತೆರಪು ಧಾರವಾಡದಲ್ಲಿದ್ದು ಬಡಗಿಯು ಮೈಸೂರಿನಲ್ಲಿದ್ದರೆ ಏನು ಮಾಡಬೇಕು? ಕಡ್ಡಿಯನ್ನು ಕಳುಹಿಸುವುದಕ್ಕಿಂತ ಅಂಕೆಯನ್ನು ಕಳುಹಿಸುವುದು ಸುಲಭ. ಆದರೆ ಆ ಅಂಕೆಯ ಹಿಂದೆ ಇಬ್ಬರಿಗೂ ಒಪ್ಪಿಗೆಯಾದ ಒಂದು ಮಾನವಿರಬೇಕು. ತನ್ನ ಗೇಣಿನಲ್ಲಿ ಅಳೆದುಕೊಂಡರೆ ಪ್ರತಿಯೊಬ್ಬನ ದೇಹವೂ ಎಂಟು ಗೇಣೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ದೇಹಕ್ಕೆ ಸಲ್ಲುವ ಈ ಲೆಕ್ಕವು ಕಿಟಕಿಗೆ ಸಲ್ಲುವುದಿಲ್ಲ. ಏಕೆಂದರೆ ಒಬ್ಬನ ಗೇಣು ಇನ್ನೊಬ್ಬನ ಗೇಣಲ್ಲ. ಮಾಡುವವನೂ ಯೋಚಿಸುವವನೂ ಬೇರೆ ಬೇರೆಯಾದ ದಿನವೇ ಅಳತೆಯನ್ನು ಬರೆದಿಡುವ ಶಾಸ್ತ್ರವು ಹುಟ್ಟಿತು ಎನ್ನಬಹುದು. ಇಂದು ಈ ಶಾಸ್ತ್ರವು ಕಾಗದವನ್ನು ಬಿಟ್ಟು ಗಣಕಯಂತ್ರದ ತೆರೆಯನ್ನು ಏರಿದೆ. ಅಲ್ಲಿ ಅಳತೆಯನ್ನು ಬರೆಯುವುದೆಂದರೇನು, ಬರೆದುದನ್ನು ತಿದ್ದುವುದೆಂದರೇನು, ಆ ತಿದ್ದುಪಡಿಯಲ್ಲಿ ಅಡಗಿರುವ ಅಪಾಯವೇನು ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ಗೆರೆಯು ಆಕಾರ, ಅಂಕೆಯು ಆಜ್ಞೆ

ಘನವಸ್ತುವೊಂದನ್ನು ಚಪ್ಪಟೆಯಾದ ಕಾಗದದ ಮೇಲೆ ತಪ್ಪಿಲ್ಲದಂತೆ ತೋರಿಸುವ ವಿದ್ಯೆಯನ್ನು ಕ್ರಮಬದ್ಧಗೊಳಿಸಿದವನು ಫ್ರಾನ್ಸಿನ ಗಾಸ್ಪಾರ್ ಮಾಂಜ್. ಮೆಜಿಯೇರ್‌ನ ಸೈನಿಕ ಶಾಲೆಯಲ್ಲಿದ್ದಾಗ, ಕೋಟೆಗಳ ವಿನ್ಯಾಸಕ್ಕಾಗಿ ಆತನು ಕಂಡುಹಿಡಿದ ಈ ಕ್ರಮವನ್ನು ಬಹುಕಾಲ ಸೈನ್ಯದ ರಹಸ್ಯವಾಗಿಯೇ ಇಟ್ಟಿದ್ದರು. ೧೭೯೫ರಲ್ಲಿ ಪ್ಯಾರಿಸ್ಸಿನಲ್ಲಿ ಆತನು ಕೊಟ್ಟ ಉಪನ್ಯಾಸಗಳಿಂದ ಅದು ಬಹಿರಂಗವಾಯಿತು. ವಸ್ತುವನ್ನು ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ನೋಡಿದಂತೆ ಬೇರೆ ಬೇರೆ ನೋಟಗಳನ್ನು ಬರೆಯುವ ಇಂದಿನ ಪದ್ಧತಿಗೆ ಅದೇ ತಳಹದಿ.

ನೋಟವು ಆಕಾರವನ್ನು ತಿಳಿಸುತ್ತದೆ. ಗಾತ್ರವನ್ನು ತಿಳಿಸುವುದು ಅಂಕೆ. ಅಳೆಯಬೇಕಾದ ಅಂಚಿನ ಎರಡು ತುದಿಗಳಿಂದ ಹೊರಕ್ಕೆ ಎರಡು ತೆಳುಗೆರೆಗಳನ್ನು ಚಾಚಿ, ಅವುಗಳ ನಡುವೆ ಎರಡು ಕೊನೆಗಳಲ್ಲೂ ಬಾಣಮುಖಗಳುಳ್ಳ ಒಂದು ಗೆರೆಯನ್ನೆಳೆದು, ಅದರ ಮೇಲೆ ಅಂಕೆಯನ್ನು ಬರೆಯುತ್ತಾರೆ. ಬಾಣಮುಖದ ಉದ್ದವು ಅಗಲದ ಮೂರರಷ್ಟಿರಬೇಕು. ಒಂದು ಅಳತೆಯನ್ನು ಒಂದೇ ಸ್ಥಳದಲ್ಲಿ ಬರೆಯಬೇಕು. ಎರಡನೆಯ ನೋಟದಲ್ಲಿ ಮತ್ತೆ ಬರೆಯಕೂಡದು. ಮರೆಯಾದ ಅಂಚುಗಳನ್ನು ತೋರಿಸುವ ತುಂಡುಗೆರೆಗಳಿಗೆ ಸಾಧ್ಯವಾದಮಟ್ಟಿಗೆ ಅಳತೆ ಕೊಡಕೂಡದು. ನಮ್ಮ ದೇಶದ ಮಾನಕ ಸಂಸ್ಥೆಯು ಶಾಲಾ ಕಾಲೇಜುಗಳಿಗಾಗಿಯೇ ಹೊರತಂದಿರುವ ಎಸ್‌ಪಿ ೪೬ ಎಂಬ ಕೈಪಿಡಿಯಲ್ಲಿ ಇಂಥ ನಿಯಮಗಳನ್ನು ವಿದ್ಯಾರ್ಥಿಗಳು ಕಾಣಬಹುದು.

ಹಳೆಯ ಕಾರ್ಖಾನೆಗಳ ನಕ್ಷೆಗಳಲ್ಲಿ ಮೂಲೆಯೊಂದರಲ್ಲಿ ಒಂದು ಎಚ್ಚರಿಕೆ ಇರುತ್ತಿತ್ತು: ನಕ್ಷೆಯನ್ನು ಅಳೆಯಬೇಡಿ, ಬರೆದ ಅಂಕೆಯನ್ನೇ ಅನುಸರಿಸಿ. ಇದಕ್ಕೆ ಕಾರಣವು ಸ್ಪಷ್ಟ. ಕಾಗದವು ಮಳೆಗಾಲದಲ್ಲಿ ತೇವವನ್ನು ಹೀರಿ ಹಿಗ್ಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಪ್ರತಿ ತೆಗೆಯುವಾಗ ಸ್ವಲ್ಪ ಹೆಚ್ಚುಕಡಿಮೆಯಾಗುತ್ತದೆ. ಪೆನ್ಸಿಲಿನ ಗೆರೆಗೇ ಒಂದು ದಪ್ಪವಿದೆ. ಆದುದರಿಂದ ಗೆರೆಗೂ ಅಂಕೆಗೂ ವ್ಯಾಜ್ಯ ಬಂದಾಗ ಅಂಕೆಯ ಮಾತೇ ನಡೆಯುತ್ತಿತ್ತು. ಗೆರೆಯು ಬರಿಯ ಚಿತ್ರ, ಅಂಕೆಯು ಆಜ್ಞೆ. ವಾಚಕರು ಈ ಮಾತನ್ನು ನೆನಪಿನಲ್ಲಿಡಬೇಕು. ಗಣಕಯಂತ್ರವು ಬಂದೊಡನೆ ತಲೆಕೆಳಗಾದುದು ಇದೇ ಸಂಬಂಧ.

ಗಣಕವು ಕಲಿತ ಅಳತೆ

ಅಮೆರಿಕದ ಮೆಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯಲ್ಲಿ ಐವನ್ ಸದರ್ಲೆಂಡ್ ಎಂಬ ವಿದ್ಯಾರ್ಥಿಯು ೧೯೬೩ರಲ್ಲಿ ತನ್ನ ಡಾಕ್ಟರೇಟ್ ಪ್ರಬಂಧವನ್ನು ಒಪ್ಪಿಸಿದನು. ಅದರ ವಿಷಯ ಸ್ಕೆಚ್‌ಪ್ಯಾಡ್ ಎಂಬ ಕ್ರಮವಿಧಿ. ಟಿಎಕ್ಸ್-೨ ಎಂಬ ಗಣಕದ ತೆರೆಯ ಮೇಲೆ ಬೆಳಕಿನ ಲೇಖನಿಯನ್ನು ಹಿಡಿದು ಗೆರೆಗಳನ್ನೆಳೆಯುವುದು ಅದರಿಂದ ಸಾಧ್ಯವಾಯಿತು. ಆದರೆ ಅದರ ಹಿರಿಮೆಯು ಗೆರೆ ಎಳೆಯುವುದರಲ್ಲಿರಲಿಲ್ಲ. ‘ಈ ಎರಡು ಗೆರೆಗಳು ಸಮಾಂತರವಾಗಿರಲಿ’, ‘ಈ ಎರಡು ಭುಜಗಳು ಸಮನಾಗಿರಲಿ’ ಎಂದು ನಿಬಂಧನೆಗಳನ್ನು ಹಾಕಿದರೆ, ಗಣಕವೇ ಬಿಂದುಗಳನ್ನು ಅತ್ತಿತ್ತ ಸರಿಸಿ ನಿಬಂಧನೆಗಳನ್ನು ಪೂರೈಸುತ್ತಿತ್ತು. ಬಾಣಮುಖಗಳ ನಡುವೆ ಅಂಕೆಯನ್ನು ತೋರಿಸುವ ಅಳತೆಗೆರೆಯೂ ಅದರಲ್ಲಿದ್ದಿತು. ಆಕಾರವು ಬದಲಾದಂತೆ ಅಂಕೆಯೂ ತಾನಾಗಿ ಬದಲಾಗುತ್ತಿತ್ತು. ಈ ಕಾರ್ಯಕ್ಕಾಗಿ ಸದರ್ಲೆಂಡನಿಗೆ ೧೯೮೮ರಲ್ಲಿ ಟ್ಯೂರಿಂಗ್ ಪ್ರಶಸ್ತಿಯು ಸಂದಿತು.

೧೯೮೨ರಲ್ಲಿ ಬಂದ ಆಟೋಕ್ಯಾಡ್ ಎಂಬ ತಂತ್ರಾಂಶವು ಇಂಥ ವಿದ್ಯೆಯನ್ನು ಮೇಜಿನ ಮೇಲಿನ ಸಣ್ಣ ಗಣಕಗಳಿಗೆ ತಂದಿತು. ನಮ್ಮ ಇಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ಇಂದು ಟಿ-ಪಟ್ಟಿಯ ಬದಲು ಇಂಥ ತಂತ್ರಾಂಶಗಳಲ್ಲಿಯೇ ನಕ್ಷೆಯನ್ನು ಬರೆಯಲು ಕಲಿಯುತ್ತಾರೆ.

ಗಣಕದ ಒಳಗೆ ಅಳತೆಯು ಹೇಗಿರುತ್ತದೆ? ಅದು ಬಾಣಮುಖ, ಗೆರೆ, ಅಂಕೆಗಳ ಚಿತ್ರವಲ್ಲ. ಮುಖ್ಯವಾಗಿ ಅದು ಕೆಲವು ಬಿಂದುಗಳ ನೆನಪು: ಮೊದಲನೆಯ ತುದಿ, ಎರಡನೆಯ ತುದಿ, ಅಳತೆಗೆರೆಯು ಹಾಯಬೇಕಾದ ಸ್ಥಳ. ಇದರೊಡನೆ ಅಕ್ಷರದ ಎತ್ತರ, ಬಾಣಮುಖದ ಗಾತ್ರ, ದಶಮಾಂಶ ಸ್ಥಾನಗಳ ಸಂಖ್ಯೆ ಮೊದಲಾದುವನ್ನು ನಿರ್ಧರಿಸುವ ಒಂದು ‘ಶೈಲಿ’. ತೆರೆಯ ಮೇಲೆ ಕಾಣುವ ಅಂಕೆಯನ್ನು ಗಣಕವು ಪೈಥಾಗೊರಸನ ಪ್ರಮೇಯದಿಂದ ಲೆಕ್ಕಹಾಕಿ ಬರೆಯುತ್ತದೆ.

ಒಂದು ಉದಾಹರಣೆಯನ್ನು ನೋಡೋಣ. ಒಂದು ಬಿಂದುವಿನ ನಿರ್ದೇಶಾಂಕಗಳು (೨೦, ೩೦), ಇನ್ನೊಂದರವು (೮೦, ೧೧೦) ಆಗಿರಲಿ, ಮಾನವು ಮಿಲಿಮೀಟರ್. ಅಡ್ಡಲಾಗಿ ಅಳೆಯೆಂದರೆ ಗಣಕವು ೬೦ ಎಂದು ಬರೆಯುತ್ತದೆ. ಲಂಬವಾಗಿ ಅಳೆಯೆಂದರೆ ೮೦. ಬಿಂದುಗಳನ್ನು ಸೇರಿಸುವ ನೇರದಲ್ಲಿ ಅಳೆಯೆಂದರೆ, ೬೦ರ ವರ್ಗಕ್ಕೆ ೮೦ರ ವರ್ಗವನ್ನು ಕೂಡಿಸಿ ಮೂಲವನ್ನು ತೆಗೆದು, ೧೦೦ ಎಂದು ಬರೆಯುತ್ತದೆ. ಬಿಂದುಗಳು ಅವೇ; ಕೇಳಿದ ಪ್ರಶ್ನೆ ಬೇರೆಯಾದುದರಿಂದ ಉತ್ತರವೂ ಬೇರೆಯಾಯಿತು. ಓರೆಯಾದ ಅಂಚಿಗೆ ಅಡ್ಡಳತೆಯನ್ನು ಕೊಟ್ಟು, ಅದನ್ನೇ ಅಂಚಿನ ಉದ್ದವೆಂದು ಓದಿದರೆ ಆಗುವ ಪ್ರಮಾದವನ್ನು ವಿದ್ಯಾರ್ಥಿಗಳೇ ಊಹಿಸಬಹುದು.

ಮತ್ತೊಂದು ತೊಡಕು ಪ್ರಮಾಣದ್ದು. ಗಣಕದಲ್ಲಿ ವಸ್ತುವನ್ನು ಅದರ ನಿಜವಾದ ಗಾತ್ರದಲ್ಲಿಯೇ ಬರೆಯುವುದು ವಾಡಿಕೆ. ಆರು ಮೀಟರ್ ಉದ್ದದ ಗೋಡೆಯನ್ನು ೬೦೦೦ ಮಿಲಿಮೀಟರ್ ಎಂದೇ ಬರೆಯುತ್ತಾರೆ. ಕಾಗದಕ್ಕೆ ಇಳಿಸುವಾಗ ನೂರನೆಯ ಒಂದರಷ್ಟು ಕಿರಿದುಮಾಡಿದರೆ ಆ ಗೋಡೆಯು ೬೦ ಮಿಲಿಮೀಟರ್ ಆಗುತ್ತದೆ. ಆದರೆ ಅದರೊಡನೆ ಅಂಕೆಯ ಅಕ್ಷರವೂ ಕಿರಿದಾಗುತ್ತದೆಯಲ್ಲವೆ? ಕಾಗದದ ಮೇಲೆ ಅಕ್ಷರವು ೩ ಮಿಲಿಮೀಟರ್ ಎತ್ತರವಿರಬೇಕಾದರೆ ಗಣಕದಲ್ಲಿ ಅದು ೩೦೦ ಮಿಲಿಮೀಟರ್ ಇರಬೇಕು. ಇದನ್ನರಿಯದ ಹೊಸಬರ ನಕ್ಷೆಯಲ್ಲಿ ಅಂಕೆಗಳು ಸಾಸಿವೆಯ ಕಾಳಿಗಿಂತ ಚಿಕ್ಕದಾಗಿ ಮಾಯವಾಗುವುದುಂಟು. ಇಂದಿನ ತಂತ್ರಾಂಶಗಳು, ಪ್ರಮಾಣವನ್ನು ಹೇಳಿದರೆ ಅಕ್ಷರವನ್ನು ತಾವೇ ಹೊಂದಿಸಿಕೊಳ್ಳುತ್ತವೆ.

ಅಂಕೆಯನ್ನು ತಿದ್ದುವುದೇ, ವಸ್ತುವನ್ನು ತಿದ್ದುವುದೇ?

ಈಗ ನಮ್ಮ ವಿಷಯದ ಹೃದಯಕ್ಕೆ ಬಂದೆವು. ತಗಡಿನ ಫಲಕವೊಂದರಲ್ಲಿ ಎರಡು ರಂಧ್ರಗಳಿವೆ. ಅವುಗಳ ಕೇಂದ್ರಗಳ ನಡುವಿನ ದೂರ ೬೦ ಮಿಲಿಮೀಟರ್. ವಿನ್ಯಾಸವನ್ನು ಮರುಪರಿಶೀಲಿಸಿದಾಗ ಅದು ೬೨ ಆಗಬೇಕೆಂದು ತಿಳಿಯುತ್ತದೆ. ಗಣಕದ ಮುಂದೆ ಕುಳಿತವನಿಗೆ ಎರಡು ದಾರಿಗಳಿವೆ.

ಮೊದಲನೆಯ ದಾರಿಯಲ್ಲಿ, ರಂಧ್ರವನ್ನೇ ೨ ಮಿಲಿಮೀಟರ್ ಸರಿಸುತ್ತಾನೆ. ಅಳತೆಯು ರಂಧ್ರದೊಡನೆ ಕಟ್ಟುಗೊಂಡಿದ್ದರೆ ಅಂಕೆಯು ತಾನಾಗಿ ೬೨ ಆಗುತ್ತದೆ. ಆಟೋಕ್ಯಾಡಿನಲ್ಲಿ ಅಳತೆಯನ್ನು ವಸ್ತುವಿಗೆ ನೇರವಾಗಿ ಕಟ್ಟುವ ಈ ಸೌಕರ್ಯವು ಆಟೋಕ್ಯಾಡ್ ೨೦೦೨ ಎಂಬ ಆವೃತ್ತಿಯಿಂದ ಬಂದಿತು. ಅದಕ್ಕೆ ಹಿಂದೆ, ರಂಧ್ರವನ್ನು ಸರಿಸುವಾಗ ಅಳತೆಯ ಬಿಂದುಗಳನ್ನೂ ಜೊತೆಗೆ ಎಳೆದುಕೊಳ್ಳಬೇಕಾಗಿತ್ತು. ಮರೆತರೆ ರಂಧ್ರವೊಂದು ಕಡೆ, ಅಳತೆಯೊಂದು ಕಡೆ ಆಗುತ್ತಿತ್ತು.

ಎರಡನೆಯ ದಾರಿಯು ಸೋಮಾರಿಯದು. ಅಂಕೆಯ ಮೇಲೆ ಒತ್ತಿ, ೬೦ ಎಂಬುದನ್ನು ಅಳಿಸಿ, ೬೨ ಎಂದು ಬರೆದುಬಿಡುತ್ತಾನೆ. ತಂತ್ರಾಂಶವು ಇದಕ್ಕೆ ಅಡ್ಡಿಮಾಡುವುದಿಲ್ಲ. ನೋಡುವುದಕ್ಕೆ ನಕ್ಷೆಯು ಸರಿಯಾಗಿಯೇ ಇರುತ್ತದೆ. ಆದರೆ ರಂಧ್ರವು ಇದ್ದಲ್ಲಿಯೇ ಇದೆ.

ಕಾಗದದ ಕಾಲದಲ್ಲಿ ಇದರಿಂದ ದೊಡ್ಡ ಹಾನಿಯಾಗುತ್ತಿರಲಿಲ್ಲ. ಕೆಲಸಗಾರನು ಗೆರೆಯನ್ನು ನಂಬದೆ ಅಂಕೆಯನ್ನೇ ನಂಬುತ್ತಿದ್ದನು. ಇಂದು ಫಲಕವನ್ನು ಕೊಯ್ಯುವುದು ಮನುಷ್ಯನ ಕೈಯಲ್ಲ, ಲೇಸರ್ ಯಂತ್ರ. ಆ ಯಂತ್ರಕ್ಕೆ ಹೋಗುವುದು ಕಾಗದವಲ್ಲ, ಗಣಕದ ಕಡತ. ಯಂತ್ರವು ಅಂಕೆಯನ್ನು ಓದುವುದಿಲ್ಲ. ಗೆರೆಯನ್ನು ಮಾತ್ರ ಅನುಸರಿಸುತ್ತದೆ. ಅದು ೬೦ಕ್ಕೇ ಕೊಯ್ಯುತ್ತದೆ. ಕೊಯ್ದುದನ್ನು ಪರೀಕ್ಷಿಸುವವನು ಮುದ್ರಿತ ನಕ್ಷೆಯ ೬೨ನ್ನು ಹಿಡಿದು ಫಲಕವನ್ನು ತಿರಸ್ಕರಿಸುತ್ತಾನೆ. ಪರೀಕ್ಷೆಯೇ ನಡೆಯದಿದ್ದರೆ, ದೂರದ ಊರಿನಲ್ಲಿ ಯಂತ್ರವನ್ನು ಜೋಡಿಸುವಾಗ ಬೋಲ್ಟು ಕೂಡುವುದಿಲ್ಲ. ಗೆರೆಗೂ ಅಂಕೆಗೂ ನಡೆದ ವ್ಯಾಜ್ಯದಲ್ಲಿ ಈ ಬಾರಿ ಗೆರೆಯು ಗೆದ್ದಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಅಂಕೆಯ ಜೊತೆಗೆ ಮಾತನ್ನು ಸೇರಿಸುವುದು ತಪ್ಪಲ್ಲ. ‘೪ ರಂಧ್ರಗಳು, ವ್ಯಾಸ ೮’ ಎಂದು ಬರೆಯಬೇಕಾಗಬಹುದು. ಆಗ ೮ ಎಂದು ಕೈಯಿಂದ ಬರೆಯದೆ, ಆ ಸ್ಥಾನದಲ್ಲಿ ಎದುರುಬದುರಾದ ಎರಡು ಕೋನಚಿಹ್ನೆಗಳನ್ನು < > ಇಟ್ಟರೆ ಆಟೋಕ್ಯಾಡ್ ತಾನೇ ಅಳೆದು ತನ್ನ ಅಂಕೆಯನ್ನು ಅಲ್ಲಿ ತುಂಬುತ್ತದೆ. ಮುಂದೆ ವ್ಯಾಸವು ಬದಲಾದರೆ ಅಂಕೆಯೂ ಬದಲಾಗುತ್ತದೆ. ಮಾತು ಮನುಷ್ಯನದು, ಅಂಕೆ ವಸ್ತುವಿನದು. ಎರಡೂ ಕೆಡದೆ ಉಳಿಯುತ್ತವೆ.

ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಓದಿದ ಬೆಲೆಯನ್ನು ಅಳಿಸಿ ಬೇಕಾದ ಬೆಲೆಯನ್ನು ಬರೆಯುವುದು ಹೇಗೆ ಅಪರಾಧವೋ, ಅಳೆದ ಅಂಕೆಯನ್ನು ಅಳಿಸಿ ಬೇಕಾದ ಅಂಕೆಯನ್ನು ಬರೆಯುವುದೂ ಹಾಗೆಯೇ. ಎರಡರಲ್ಲೂ ಬರೆದವನಿಗೆ ಸುಖ, ನಂಬಿದವನಿಗೆ ನಷ್ಟ.

ಅಂಕೆಯೇ ಗೆರೆಯನ್ನಾಳುವ ಬಗೆ

ಹಾಗಾದರೆ ಅಂಕೆಯನ್ನು ತಿದ್ದಿದರೆ ವಸ್ತುವೇ ಬದಲಾಗುವಂತೆ ಮಾಡಲಾಗದೆ? ಆಗುತ್ತದೆ. ಸ್ಕೆಚ್‌ಪ್ಯಾಡಿನ ನಿಬಂಧನೆಗಳಲ್ಲಿ ಅದರ ಬೀಜವಿದ್ದಿತು. ೧೯೮೮ರಲ್ಲಿ ಪಿಟಿಸಿ ಸಂಸ್ಥೆಯು ಹೊರತಂದ ಪ್ರೊ-ಎಂಜಿನಿಯರ್ ಎಂಬ ತಂತ್ರಾಂಶವು ಅದನ್ನು ಕಾರ್ಖಾನೆಗಳಿಗೆ ತಲುಪಿಸಿತು. ಇಲ್ಲಿ ೬೦ ಎಂಬುದನ್ನು ೬೨ ಎಂದು ತಿದ್ದಿದೊಡನೆ ಗಣಕವು ಸಮೀಕರಣಗಳನ್ನು ಮತ್ತೆ ಬಿಡಿಸಿ, ರಂಧ್ರವನ್ನು ಸರಿಸಿ, ಅದನ್ನವಲಂಬಿಸಿದ ಇತರ ಭಾಗಗಳನ್ನೂ ಸರಿಸುತ್ತದೆ. ಮೊದಲನೆಯ ಪದ್ಧತಿಯಲ್ಲಿ ಅಂಕೆಯು ಸಾಕ್ಷಿ. ಎರಡನೆಯದರಲ್ಲಿ ಅಂಕೆಯು ಒಡೆಯ.

ಒಡೆಯರು ಹೆಚ್ಚಾದರೆ ಮನೆಯು ಕೆಡುವುದಲ್ಲವೆ? ಆದುದರಿಂದ, ಒಂದು ಆಕಾರಕ್ಕೆ ಎಷ್ಟು ಅಳತೆಗಳು ಬೇಕು ಎಂಬ ಪ್ರಶ್ನೆಯು ಏಳುತ್ತದೆ. ಇದಕ್ಕೆ ಸೊಗಸಾದ ಉತ್ತರವಿದೆ. ಸಮತಲದಲ್ಲಿರುವ ಪ್ರತಿ ಬಿಂದುವಿಗೆ ಎರಡು ನಿರ್ದೇಶಾಂಕಗಳು. ತ್ರಿಕೋನಕ್ಕೆ ಮೂರು ಶೃಂಗಗಳು. ಒಟ್ಟು ಆರು ಸಂಖ್ಯೆಗಳು. ಇವುಗಳಲ್ಲಿ ಮೂರು, ತ್ರಿಕೋನವು ಎಲ್ಲಿದೆ ಮತ್ತು ಯಾವ ಕಡೆಗೆ ತಿರುಗಿದೆ ಎಂಬುದನ್ನು ಹೇಳುತ್ತವೆ: ಅತ್ತಿತ್ತ ಸರಿಯುವುದಕ್ಕೆ ಒಂದು, ಮೇಲೆ ಕೆಳಗೆ ಸರಿಯುವುದಕ್ಕೆ ಒಂದು, ತಿರುಗುವುದಕ್ಕೆ ಒಂದು. ಉಳಿದ ಮೂರು ಅದರ ಆಕಾರ ಮತ್ತು ಗಾತ್ರಕ್ಕೆ ಸಂಬಂಧಿಸಿದುವು. ಮೂರು ಭುಜಗಳನ್ನು ಕೊಟ್ಟರೆ ತ್ರಿಕೋನವು ನಿಶ್ಚಿತವಾಗುವುದೆಂದು ಪ್ರೌಢಶಾಲೆಯ ರೇಖಾಗಣಿತದಲ್ಲಿ ಓದಿದುದು ಇದನ್ನೇ. ಚತುರ್ಭುಜಕ್ಕೆ ಎಂಟರಲ್ಲಿ ಮೂರು ಕಳೆದು ಐದು. ಅಂದರೆ ನಾಲ್ಕು ಭುಜಗಳು ಸಾಲವು, ಒಂದು ಕರ್ಣವೂ ಬೇಕು. ಸಾಮಾನ್ಯವಾಗಿ ಬಿಂದುಗಳ ಸಂಖ್ಯೆಯನ್ನು ಇಮ್ಮಡಿಸಿ ಮೂರನ್ನು ಕಳೆದರೆ ಬೇಕಾದ ಅಳತೆಗಳ ಸಂಖ್ಯೆಯು ಬರುತ್ತದೆ.

ವಿದ್ಯುತ್ಕಾಂತೀಯ ಸಿದ್ಧಾಂತದ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ಲನು ೧೮೬೪ರಲ್ಲಿ ಸರಳುಗಳಿಂದ ಕಟ್ಟಿದ ಚೌಕಟ್ಟುಗಳನ್ನು ಕುರಿತು ವಿಚಾರಮಾಡುವಾಗ ಕೊಟ್ಟ ಸೂತ್ರವೂ ಇದೇ. ಸೇತುವೆಯ ಚೌಕಟ್ಟಿನಲ್ಲಿ ಸರಳು ಮಾಡುವ ಕೆಲಸವನ್ನು ನಕ್ಷೆಯಲ್ಲಿ ಅಳತೆಯು ಮಾಡುತ್ತದೆ. ಸರಳು ಕಡಮೆಯಾದರೆ ಚೌಕಟ್ಟು ಓಲಾಡುತ್ತದೆ. ಅಳತೆ ಕಡಮೆಯಾದರೆ ನಕ್ಷೆಯು ಓಲಾಡುತ್ತದೆ. ಸರಳು ಹೆಚ್ಚಾದರೆ, ಅದರ ಉದ್ದವು ಕೂದಲೆಳೆಯಷ್ಟು ತಪ್ಪಿದ್ದರೂ ಚೌಕಟ್ಟಿನಲ್ಲಿ ಬಿಗಿತವುಂಟಾಗುತ್ತದೆ. ಅಳತೆ ಹೆಚ್ಚಾದರೆ ಒಂದು ಇನ್ನೊಂದನ್ನು ವಿರೋಧಿಸುತ್ತದೆ. ಎಣಿಕೆಯು ಸರಿಯಾಗಿದ್ದರೆ ಸಾಲದು, ಹಂಚಿಕೆಯೂ ಸರಿಯಾಗಿರಬೇಕು. ಒಂದು ಮೂಲೆಯಲ್ಲಿ ಅಳತೆಗಳು ಕಿಕ್ಕಿರಿದು ಇನ್ನೊಂದು ಮೂಲೆಯು ಬರಿದಾಗಿದ್ದರೆ ಪ್ರಯೋಜನವಿಲ್ಲ. ಸಾಲಿಡ್‌ವರ್ಕ್ಸ್ ಎಂಬ ತಂತ್ರಾಂಶವು ಅಳತೆ ಸಾಲದ ಗೆರೆಗಳನ್ನು ನೀಲಿಯಲ್ಲಿಯೂ ಪೂರ್ಣವಾಗಿ ನಿಶ್ಚಿತವಾದ ಗೆರೆಗಳನ್ನು ಕಪ್ಪಿನಲ್ಲಿಯೂ ತೋರಿಸುತ್ತದೆ. ನಕ್ಷೆಯೆಲ್ಲವೂ ಕಪ್ಪಾಗುವವರೆಗೆ ಜಾಣನು ಕೈಬಿಡುವುದಿಲ್ಲ.

ಇನ್ನೊಂದು ಚಮತ್ಕಾರವುಂಟು. ಚತುರ್ಭುಜದ ಐದು ಅಳತೆಗಳನ್ನು ಕೊಟ್ಟರೂ, ಕರ್ಣದ ಒಂದು ಪಕ್ಕದ ತ್ರಿಕೋನವು ಇನ್ನೊಂದು ಪಕ್ಕಕ್ಕೆ ಮಗುಚಿ ಬೀಳಬಹುದು. ಎಲ್ಲ ಉದ್ದಗಳೂ ಹಾಗೆಯೇ ಉಳಿಯುತ್ತವೆ. ವರ್ಗಸಮೀಕರಣಕ್ಕೆ ಎರಡು ಉತ್ತರಗಳಿರುವುದೇ ಇದಕ್ಕೆ ಕಾರಣ. ಒಂದು ಅಂಕೆಯನ್ನು ಬಹಳವಾಗಿ ಬದಲಾಯಿಸಿದಾಗ ತೆರೆಯ ಮೇಲಿನ ಚಿತ್ರವು ಒಮ್ಮೆಲೇ ತಿರುಚಿಕೊಂಡರೆ ವಿದ್ಯಾರ್ಥಿಯು ಗಾಬರಿಯಾಗಬೇಕಾಗಿಲ್ಲ. ಗಣಕವು ಲೆಕ್ಕವನ್ನು ತಪ್ಪಿಲ್ಲ. ನಮಗೆ ಬೇಡವಾದ ಉತ್ತರವನ್ನು ಆರಿಸಿಕೊಂಡಿದೆ ಅಷ್ಟೆ.

ಯಾವ ಅಂಕೆಯೂ ಪೂರ್ಣವಲ್ಲ

ಲೋಕದಲ್ಲಿ ನಿಖರವಾಗಿ ೪೦ ಮಿಲಿಮೀಟರ್ ಉದ್ದದ ವಸ್ತುವನ್ನು ಯಾರೂ ಮಾಡಿಲ್ಲ, ಮಾಡಲಾರರು. ಆದುದರಿಂದ ಅಂಕೆಯೊಡನೆ, ಎಷ್ಟು ತಪ್ಪಿದರೆ ಒಪ್ಪಬಹುದು ಎಂಬುದನ್ನೂ ಹೇಳಬೇಕು. ಇದನ್ನು ಸಹ್ಯಮಿತಿ ಎನ್ನೋಣ. ೪೦ ± ೦.೧ ಎಂದರೆ ೩೯.೯ರಿಂದ ೪೦.೧ರ ವರೆಗೆ ಯಾವುದಾದರೂ ಆಗಬಹುದು. ಉಷ್ಣತೆಯನ್ನೂ ಮರೆಯುವಂತಿಲ್ಲ: ಅಂತರರಾಷ್ಟ್ರೀಯ ಒಪ್ಪಂದದಂತೆ ನಕ್ಷೆಯ ಅಳತೆಯು ೨೦ ಡಿಗ್ರಿ ಸೆಲ್ಸಿಯಸ್‌ಗೆ ಸಲ್ಲುತ್ತದೆ. ಒಂದು ಮೀಟರ್ ಉದ್ದದ ಉಕ್ಕಿನ ಸರಳು ೩೫ ಡಿಗ್ರಿಯಲ್ಲಿ ಸುಮಾರು ೦.೧೮ ಮಿಲಿಮೀಟರ್ ಹಿಗ್ಗಿರುತ್ತದೆ.

ಒಂದರ ಪಕ್ಕದಲ್ಲಿ ಒಂದರಂತೆ ಮೂರು ಭಾಗಗಳಿಗೆ ತಲಾ ೪೦ ± ೦.೧ ಎಂದು ಸರಪಳಿಯಂತೆ ಅಳತೆ ಕೊಟ್ಟರೆ, ಒಟ್ಟು ಉದ್ದವು ೧೧೯.೭ರಿಂದ ೧೨೦.೩ರ ವರೆಗೆ ಎಲ್ಲಿಯಾದರೂ ಬೀಳಬಹುದು. ತಪ್ಪುಗಳು ಒಂದನ್ನೊಂದು ಅವಲಂಬಿಸದೆ ಯಾದೃಚ್ಛಿಕವಾಗಿದ್ದರೆ ಸಾಮಾನ್ಯವಾಗಿ ಕಾಣುವ ಹರವು ಅಷ್ಟಿರದೆ, ಮೂರರ ವರ್ಗಮೂಲದಿಂದ ಗುಣಿಸಿದಷ್ಟು, ಅಂದರೆ ± ೦.೧೭ರ ಆಸುಪಾಸಿನಲ್ಲಿರುತ್ತದೆ. ಅದೇ ನಕ್ಷೆಯಲ್ಲಿ ಒಟ್ಟು ಉದ್ದವನ್ನು ೧೨೦ ± ೦.೧ ಎಂದೂ ಬರೆದರೆ ಕೆಲಸಗಾರನು ಯಾವುದನ್ನು ಪಾಲಿಸಬೇಕು? ಇಂಥಲ್ಲಿ ಎಲ್ಲ ಅಳತೆಗಳನ್ನೂ ಒಂದೇ ಅಂಚಿನಿಂದ ೪೦, ೮೦, ೧೨೦ ಎಂದು ಕೊಡುವುದು ಲೇಸು. ಆಗ ಒಂದರ ತಪ್ಪು ಮತ್ತೊಂದರ ತಲೆಗೆ ಏರುವುದಿಲ್ಲ.

ಗಣಕವು ಇಲ್ಲಿ ಎರಡು ಬಗೆಯಲ್ಲಿ ಮೋಸಮಾಡಬಲ್ಲದು. ಒಂದು, ಒಳಗೆ ಅದು ಹದಿನೈದು ಹದಿನಾರು ಅಂಕೆಗಳವರೆಗೆ ಲೆಕ್ಕವಿಟ್ಟಿರುತ್ತದೆ; ಹೊರಗೆ ನಾವು ಕೇಳಿದಷ್ಟನ್ನೇ ತೋರಿಸುತ್ತದೆ. ನೂರು ಮಿಲಿಮೀಟರನ್ನು ಮೂರು ಸಮಭಾಗ ಮಾಡಿ ಒಂದು ದಶಮಾಂಶ ಸ್ಥಾನಕ್ಕೆ ಬರೆಸಿದರೆ ೩೩.೩ ಎಂದು ಮೂರು ಬಾರಿ ಬರುತ್ತದೆ, ಕೂಡಿದರೆ ೯೯.೯. ಇನ್ನೊಂದು ಇದಕ್ಕೆ ವಿರುದ್ಧ: ೨೫ ಎಂದರೆ ಸಾಕಾದಲ್ಲಿ ೨೫.೦೦೦೦ ಎಂದು ತೋರಿಸುತ್ತದೆ. ಓದಿದವನು ಅಷ್ಟೊಂದು ನಿಖರತೆಯು ಬೇಕೆಂದು ತಿಳಿದು, ಅಗ್ಗದ ಕೆಲಸಕ್ಕೆ ದುಬಾರಿ ಯಂತ್ರವನ್ನು ಹಿಡಿಯಬಹುದು. ಸಾರ್ಥಕ ಅಂಕಗಳ ಪಾಠವು ಪರೀಕ್ಷೆಗಾಗಿ ಮಾತ್ರ ಇರುವುದಲ್ಲ.

ಸಹ್ಯಮಿತಿಯ ವಿಚಾರದಲ್ಲಿ ಸ್ಕಾಟ್ಲೆಂಡಿನ ಟಾರ್ಪಿಡೊ ಕಾರ್ಖಾನೆಯಲ್ಲಿದ್ದ ಸ್ಟಾನ್ಲಿ ಪಾರ್ಕರ್ ಎಂಬಾತನು ಎತ್ತಿದ ಪ್ರಶ್ನೆಯು ಮನನ ಮಾಡತಕ್ಕದ್ದು. ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ ಆತನು ಇದನ್ನು ವಿಚಾರಮಾಡಿದನು. ರಂಧ್ರವೊಂದರ ಕೇಂದ್ರಕ್ಕೆ ಅಡ್ಡಲಾಗಿ ± ೦.೧, ಲಂಬವಾಗಿ ± ೦.೧ ಎಂದು ಕೊಟ್ಟರೆ ಕೇಂದ್ರವು ಇರಬಹುದಾದ ಜಾಗವು ೦.೨ ಭುಜದ ಒಂದು ಚೌಕ. ಚೌಕದ ಮೂಲೆಯು ನಡುವಿನಿಂದ ೦.೧೪ ದೂರದಲ್ಲಿದೆ. ಆದುದರಿಂದ ಓರೆಯಾಗಿ ೦.೧೪ ತಪ್ಪಿದ ರಂಧ್ರವು ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ; ನೇರವಾಗಿ ೦.೧೨ ತಪ್ಪಿದುದು ಅನುತ್ತೀರ್ಣವಾಗುತ್ತದೆ! ದುಂಡಗಿನ ಬೋಲ್ಟಿಗೆ ದಿಕ್ಕಿನ ಹಂಗೇನು? ಮೂಲೆಯಷ್ಟು ದೂರವು ಒಪ್ಪಿತವಾದರೆ ಎಲ್ಲ ದಿಕ್ಕುಗಳಲ್ಲಿಯೂ ಅಷ್ಟು ದೂರವು ಒಪ್ಪಿತವಾಗಬೇಕು. ಅಂದರೆ ಚೌಕದ ಬದಲು ಅದರ ಸುತ್ತಲಿನ ವೃತ್ತವನ್ನು ಕೊಡಬೇಕು. ವೃತ್ತದ ಕ್ಷೇತ್ರಫಲವು ಚೌಕದ್ದಕ್ಕಿಂತ ನೂರಕ್ಕೆ ೫೭ರಷ್ಟು ಹೆಚ್ಚು. ವಿನಾಕಾರಣ ಗುಜರಿಗೆ ಹೋಗುವ ಒಳ್ಳೆಯ ವಸ್ತುಗಳು ಇದರಿಂದ ಉಳಿಯುತ್ತವೆ. ಇಂದು ಗಣಕದ ನಕ್ಷೆಗಳಲ್ಲಿ ಅಳತೆಯ ಪಕ್ಕದಲ್ಲಿ ಕಾಣುವ, ಚಿಹ್ನೆಗಳನ್ನೊಳಗೊಂಡ ಸಣ್ಣ ಚೌಕಟ್ಟುಗಳು ಈ ವಿಚಾರದ ಸಂತಾನ.

ತಂತಿಯು ಗಿಡ್ಡವಾದ ವಿಮಾನ

ಅಳತೆಯ ತಪ್ಪು ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ ಏರ್‌ಬಸ್ ಎ೩೮೦ ಎಂಬ ಎರಡಂತಸ್ತಿನ ವಿಮಾನದ ಕತೆಯೇ ಸಾಕ್ಷಿ. ಒಂದೊಂದು ವಿಮಾನದಲ್ಲಿಯೂ ನೂರಾರು ಕಿಲೊಮೀಟರ್ ಉದ್ದದ ವಿದ್ಯುತ್ ತಂತಿಗಳಿವೆ. ಒಡಲಿನ ಕೆಲವು ಭಾಗಗಳು ಜರ್ಮನಿಯ ಹ್ಯಾಂಬರ್ಗಿನಲ್ಲಿ ಸಿದ್ಧವಾಗಿ, ಫ್ರಾನ್ಸಿನ ಟುಲೂಸ್‌ನಲ್ಲಿ ಜೋಡಣೆಯಾಗಬೇಕಾಗಿತ್ತು. ಎರಡು ಕಡೆಯವರೂ ಕಟಿಯಾ ಎಂಬ ಒಂದೇ ಹೆಸರಿನ ತಂತ್ರಾಂಶವನ್ನು ಬಳಸುತ್ತಿದ್ದರು. ಆದರೆ ಹ್ಯಾಂಬರ್ಗಿನವರದು ನಾಲ್ಕನೆಯ ಆವೃತ್ತಿ, ಟುಲೂಸ್‌ನವರದು ಐದನೆಯದು. ಒಂದು ಕಡೆ ಮಾಡಿದ ಬದಲಾವಣೆಯು ಇನ್ನೊಂದು ಕಡೆಗೆ ಪೂರ್ಣವಾಗಿ ತಲುಪಲಿಲ್ಲ. ಜೋಡಿಸುವ ಹೊತ್ತಿಗೆ ತಂತಿಗಳ ಕಟ್ಟುಗಳು ತಮ್ಮ ಸ್ಥಾನಗಳಿಗೆ ಸರಿಯಾಗಿ ಕೂಡಲಿಲ್ಲ; ಕೆಲವೆಡೆ ಗಿಡ್ಡವಾದುವು.

ತಂತಿಯು ಬಾಗುವೆಡೆಗಳ ಲೆಕ್ಕವು ಎಷ್ಟು ಸೂಕ್ಷ್ಮವೆಂಬುದನ್ನು ನಾವೇ ನೋಡಬಹುದು. ಲಂಬಕೋನದಲ್ಲಿ ತಿರುಗುವ ತಂತಿಯ ಬಾಗಿನ ತ್ರಿಜ್ಯವು ೧೦೦ ಮಿಲಿಮೀಟರ್ ಇರಲಿ. ಮೂಲೆಯನ್ನು ಮುಟ್ಟಿ ತಿರುಗಿದ್ದರೆ ಬೇಕಾಗುತ್ತಿದ್ದ ಉದ್ದ ೨೦೦. ಕಮಾನಾಗಿ ತಿರುಗಿದರೆ ವೃತ್ತಪರಿಧಿಯ ಕಾಲುಭಾಗ, ಅಂದರೆ ೧೫೭. ಒಂದು ಬಾಗಿಗೆ ೪೩ ಮಿಲಿಮೀಟರ್ ವ್ಯತ್ಯಾಸ. ಇಂಥ ಐದು ಬಾಗುಗಳಿದ್ದರೆ ಒಂದು ಗೇಣಿನಷ್ಟು ತಂತಿಯು ಹೆಚ್ಚಾಗುತ್ತದೆ ಅಥವಾ ಸಾಲದೆ ಹೋಗುತ್ತದೆ. ಬಾಗಿನ ತ್ರಿಜ್ಯವನ್ನು ಎರಡು ಊರಿನವರು ಎರಡು ಬಗೆಯಾಗಿ ತಿಳಿದರೆ ಕಟ್ಟಿನಲ್ಲಿರುವ ಪ್ರತಿ ತಂತಿಯೂ ಕೆಡುತ್ತದೆ.

೨೦೦೬ರ ಜೂನಿನಲ್ಲಿ ಸಂಸ್ಥೆಯು ವಿಮಾನಗಳನ್ನು ಕೊಡುವುದು ತಡವಾಗುವುದೆಂದು ಪ್ರಕಟಿಸಬೇಕಾಯಿತು. ಮೇಲಧಿಕಾರಿಗಳು ಸ್ಥಾನಬಿಟ್ಟರು, ನಷ್ಟವು ಕೋಟ್ಯಂತರ ಯೂರೋಗಳಲ್ಲಿತ್ತು. ಮೊದಲನೆಯ ವಿಮಾನವು ಸಿಂಗಪುರ ಏರ್‌ಲೈನ್ಸ್‌ನ ಕೈಸೇರಿದುದು ೨೦೦೭ರ ಅಕ್ಟೋಬರಿನಲ್ಲಿ. ಅಷ್ಟೊಂದು ಬುದ್ಧಿವಂತರು, ಅಷ್ಟೊಂದು ಗಣಕಗಳು ಇದ್ದೂ ಹೀಗಾಯಿತು. ಏಕೆಂದರೆ ಅಂಕೆಗಳು ಎರಡು ಕಡೆಯಲ್ಲಿ ಎರಡಾಗಿದ್ದುವು. ಒಂದು ಅಳತೆಯನ್ನು ಒಂದೇ ಸ್ಥಳದಲ್ಲಿ ಬರೆಯಬೇಕೆಂಬ ಹಳೆಯ ನಿಯಮವು ಇಲ್ಲಿ ನಕ್ಷೆಯಿಂದ ಕಾರ್ಖಾನೆಗೆ, ಕಾರ್ಖಾನೆಯಿಂದ ದೇಶಗಳಿಗೆ ಬೆಳೆದು ನಿಂತಿತು.

ವಿದ್ಯಾರ್ಥಿಗಳು ಮಾಡಿನೋಡಬಹುದಾದ ಪ್ರಯೋಗ

ಇದೆಲ್ಲವನ್ನೂ ಕೇಳಿ ನಂಬಬೇಕಾಗಿಲ್ಲ. ಫ್ರೀಕ್ಯಾಡ್ ಎಂಬ ತಂತ್ರಾಂಶವು ಯಾರಿಗಾದರೂ ಉಚಿತವಾಗಿ ದೊರೆಯುತ್ತದೆ. ಅದರಲ್ಲಿ ಮೂರು ಗೆರೆಗಳನ್ನು ಕೂಡಿಸಿ ಒಂದು ತ್ರಿಕೋನವನ್ನು ಬರೆಯಿರಿ. ಇನ್ನೂ ಆರು ಸ್ವಾತಂತ್ರ್ಯಗಳು ಉಳಿದಿವೆಯೆಂದು ಅದು ತಿಳಿಸುತ್ತದೆ. ಮೂರು ಭುಜಗಳಿಗೂ ೬೦, ೮೦, ೧೦೦ ಎಂದು ಉದ್ದವನ್ನು ಕೊಡಿ, ಮೂರು ಉಳಿಯುತ್ತವೆ. ಒಂದು ಶೃಂಗವನ್ನು ಮೂಲಬಿಂದುವಿಗೆ ಕಟ್ಟಿ, ಒಂದು ಉಳಿಯುತ್ತದೆ. ಒಂದು ಭುಜವನ್ನು ಅಡ್ಡವಾಗಿಸಿ, ಏನೂ ಉಳಿಯುವುದಿಲ್ಲ. ಈಗ ಚಿಕ್ಕ ಭುಜಗಳ ನಡುವಿನ ಕೋನವು ೯೦ ಡಿಗ್ರಿ ಎಂದು ಹೇಳಿನೋಡಿ. ಮಾತು ನಿಜವೇ ಆದರೂ ಗಣಕವು ಆಕ್ಷೇಪಿಸುತ್ತದೆ: ಇದು ಹೆಚ್ಚಿನದು, ನನಗೆ ಆಗಲೇ ತಿಳಿದಿದೆ ಎನ್ನುವಂತೆ. ಕೋನವು ೮೦ ಎಂದರೆ, ವಿರೋಧವಿದೆಯೆಂದು ನಿಲ್ಲಿಸುತ್ತದೆ. ಆ ಕೋನವನ್ನು ಒಡೆಯನ ಸ್ಥಾನದಿಂದಿಳಿಸಿ ಸಾಕ್ಷಿಯಾಗಿ ಮಾಡಿದರೆ, ತಾನೇ ಅಳೆದು ೯೦ ಎಂದು ಬರೆದು ಸುಮ್ಮನಾಗುತ್ತದೆ.

ಯಾವುದನ್ನಾದರೂ ವಿಚಾರಪೂರ್ವಕವಾಗಿ ಮಾಡುವುದಕ್ಕೆ ನಮ್ಮಲ್ಲಿ ‘ಅಳೆದು ಸುರಿದು’ ಎಂಬ ಮಾತುಂಟು. ಗಣಕಯಂತ್ರವು ಅಳೆಯುವ ಶ್ರಮವನ್ನು ನಮ್ಮಿಂದ ತೆಗೆದುಕೊಂಡಿದೆ. ವಿಚಾರದ ಶ್ರಮವನ್ನು ತೆಗೆದುಕೊಂಡಿಲ್ಲ. ಯಾವ ಅಳತೆಯು ಬೇಕು, ಯಾವುದು ಬೇಡ, ಎಷ್ಟು ತಪ್ಪನ್ನು ಸಹಿಸಬಹುದು, ಈ ಅಂಕೆಯು ಒಡೆಯನೋ ಸಾಕ್ಷಿಯೋ ಎಂಬುದನ್ನು ಮನುಷ್ಯನೇ ನಿರ್ಧರಿಸಬೇಕು. ನಕ್ಷೆಯ ಮೇಲೆ ಒಂದು ಅಂಕೆಯನ್ನು ಬರೆಯುವವನು, ತಾನೆಂದೂ ಕಾಣದ ಕೆಲಸಗಾರನೊಬ್ಬನಿಗೆ ಮಾತು ಕೊಡುತ್ತಿದ್ದಾನೆ. ವಸ್ತುವನ್ನು ತಿದ್ದದೆ ಅಂಕೆಯನ್ನು ಮಾತ್ರ ತಿದ್ದಿದರೆ ಆ ಮಾತು ಮುರಿಯುತ್ತದೆ.